ಗಂಟಲಲ್ಲಿ ಹುಟ್ಟಿ ನಾಡಿಯಲ್ಲಿ ಸಿಗುವ ರೋಗ

2025ರ ಜೂನ್‌, ಜುಲೈನಲ್ಲಿ ಹಾಸನದ ಸರಣಿ ಸಾವುಗಳ ಸುದ್ದಿ ಹಬ್ಬಿದಾಗ ಮೈಸೂರು, ಬೆಂಗಳೂರಿನ ಜಯದೇವ ಆಸ್ಪತ್ರೆಗಳ ಮುಂದೆ ಜನ ಸಾಲುಗಟ್ಟಿದರು. ಎಲ್ಲರ ಬಾಯಲ್ಲೂ ಹೃದಯಾಘಾತದ್ದೇ ಮಾತು. ಹೃದಯದ ಕಾಯಿಲೆ ಎಂದರೆ ಬ್ಲಾಕ್‌, ಸ್ಟೆಂಟ್‌ ಅಷ್ಟೇ ಎಂಬಂತಾಗಿರುವ ಈ ಹೊತ್ತಿನಲ್ಲಿ, ಬಡವರ ಮನೆಯ ಹಳೆಯ ಹೃದ್ರೋಗವೊಂದು ಲೆಕ್ಕಕ್ಕೇ ಸಿಗದೆ ಜಾರಿಹೋಗುತ್ತಿದೆ. ಅದು ರುಮ್ಯಾಟಿಕ್‌ ಹೃದ್ರೋಗ.

ದಾವಣಗೆರೆಯ ಮಂಡಕ್ಕಿ ಭಟ್ಟಿಗಳ ಸುತ್ತಲಿನ ಕೇರಿಗಳಲ್ಲಿ, ಮಳೆಗಾಲಕ್ಕೆ ಹೊಳೆನೀರು ನುಗ್ಗುವ ಹರಿಹರದ ಓಣಿಗಳಲ್ಲಿ ಒಂದೇ ಕೋಣೆಯಲ್ಲಿ ಐದಾರು ಜನ ಮಲಗುವ ಮನೆಗಳಿವೆ. ಇಂಥ ಕಡೆ ಒಂದು ಮಗುವಿನ ಗಂಟಲುನೋವು ಬೇಗ ಉಳಿದ ಮಕ್ಕಳಿಗೂ ಅಂಟುತ್ತದೆ. ಅದು ಸ್ಟ್ರೆಪ್ಟೊಕಾಕಸ್‌ ಸೋಂಕಾಗಿದ್ದರೆ, ಕೆಲವು ಮಕ್ಕಳಿಗೆ ಎರಡು ಮೂರು ವಾರ ಬಿಟ್ಟು ರುಮ್ಯಾಟಿಕ್‌ ಜ್ವರ ಬರುತ್ತದೆ. ಇವತ್ತು ಮೊಣಕಾಲು ಬಾತರೆ ನಾಡಿದ್ದು ಮಣಿಕಟ್ಟು. ‘ಬೆಳೆಯೋ ಹುಡುಗಿ, ಕಾಲು ನೋಯ್ತಾವೆ’ ಎಂದು ಎಣ್ಣೆ ತಿಕ್ಕಿ ಮಲಗಿಸುತ್ತೇವೆ. ಕೀಲು ವಾಸಿಯಾಗುತ್ತದೆ. ಹೃದಯದ ಕವಾಟಕ್ಕೆ ಬಿದ್ದ ಗಾಯ ಹಾಗೇ ಉಳಿಯುತ್ತದೆ.

ಹತ್ತಿಪ್ಪತ್ತು ವರ್ಷ ಕಳೆದು, ಅದೇ ಹುಡುಗಿ ಬಸುರಿಯಾದಾಗಲೋ ಭಟ್ಟಿಯ ಕೆಲಸಕ್ಕೆ ನಿಂತಾಗಲೋ ಏದುಸಿರು ಶುರುವಾಗುತ್ತದೆ, ಎದೆ ಡವಡವ ಹೊಡೆದುಕೊಳ್ಳುತ್ತದೆ. ಒಳಗೆ ಮೈಟ್ರಲ್‌ ಕವಾಟ ಕಿರಿದಾಗಿ, ಮೇಲಿನ ಕೋಣೆಯಲ್ಲಿ ರಕ್ತ ಒತ್ತರಿಸಿ, ಆ ಕೋಣೆ ಹಿಗ್ಗಿ ಹಿಗ್ಗಿ ಕೊನೆಗೆ ಮಿಡಿಯುವುದನ್ನೇ ಬಿಟ್ಟು ಅದುರತೊಡಗಿರುತ್ತದೆ. ವೈದ್ಯರು ಇದನ್ನು ಏಟ್ರಿಯಲ್‌ ಫಿಬ್ರಿಲೇಶನ್‌ ಎನ್ನುತ್ತಾರೆ. ನಾಡಿ ಹಿಡಿದರೆ ಒಂದು ಹೊಡೆತಕ್ಕೂ ಇನ್ನೊಂದಕ್ಕೂ ತಾಳವೇ ಕೂಡುವುದಿಲ್ಲ. ಆದರೂ ‘ರಕ್ತ ಕಡಿಮೆ’, ‘ಗ್ಯಾಸು’, ‘ಟೆನ್ಷನ್‌’ ಎಂದು ಗುಳಿಗೆ ಬರೆದು ಕಳಿಸುವುದು ಇನ್ನೂ ನಿಂತಿಲ್ಲ. ಅದುರುವ ಕೋಣೆಯಲ್ಲಿ ನಿಂತ ರಕ್ತ ಹೆಪ್ಪುಗಟ್ಟಿ ಮಿದುಳಿಗೆ ಹೋದರೆ ಲಕ್ವ. ಕವಾಟದ ತೊಂದರೆಯಿಲ್ಲದೆ ನಾಡಿ ಹೀಗೆ ತಪ್ಪಿದವರಿಗೆ ಲಕ್ವದ ಅಪಾಯ ಸುಮಾರು ಐದು ಪಟ್ಟು, ರುಮ್ಯಾಟಿಕ್‌ ಕವಾಟವಿದ್ದವರಿಗೆ ಹದಿನೇಳು ಪಟ್ಟು ಎಂದು ಅಮೆರಿಕದ ಫ್ರೇಮಿಂಗ್‌ಹ್ಯಾಮ್‌ ಅಧ್ಯಯನ 1978ರಲ್ಲೇ ಹೇಳಿದೆ. ಮೂವತ್ತೈದರ ತಾಯಿಗೆ ಲಕ್ವ ಹೊಡೆದ ಮೇಲೆ ಮೊದಲ ಸಲ ಎಕೋ, ಅಂದರೆ ಹೃದಯದ ಸ್ಕ್ಯಾನ್‌, ಮಾಡಿಸುವಂತಾದರೆ ಅದು ಅವಳ ಹಣೆಬರಹವಲ್ಲ, ನಮ್ಮ ಸೋಲು.

ಔಷಧದಲ್ಲೂ ಎಚ್ಚರ ಬೇಕು. ರಕ್ತ ಹೆಪ್ಪುಗಟ್ಟದಂತೆ ತಡೆಯಲು, ಪದೇ ಪದೇ ರಕ್ತಪರೀಕ್ಷೆ ಬೇಡದ ಹೊಸ ಮಾತ್ರೆಗಳು ಬಂದಿವೆ. ಆದರೆ 24 ದೇಶಗಳ ನಾಲ್ಕೂವರೆ ಸಾವಿರ ರುಮ್ಯಾಟಿಕ್‌ ರೋಗಿಗಳ ಮೇಲೆ ನಡೆದು 2022ರಲ್ಲಿ ಪ್ರಕಟವಾದ ‘ಇನ್‌ವಿಕ್ಟಸ್‌’ ಅಧ್ಯಯನದಲ್ಲಿ, ಹೊಸ ರಿವರಾಕ್ಸಬಾನ್‌ಗಿಂತ ಹಳೆಯ ವಾರ್ಫರಿನ್‌ ಗುಂಪಿನ ಗುಳಿಗೆ ತಗೊಂಡವರಲ್ಲೇ ಸಾವು ಕಡಿಮೆ. ಹಳೆಯ ಗುಳಿಗೆಗೆ ಐಎನ್‌ಆರ್‌ ಎಂಬ ರಕ್ತಪರೀಕ್ಷೆ ತಪ್ಪದೆ ಆಗಬೇಕು. ಅದಕ್ಕಾಗಿ ಹರಿಹರದ ಕೂಲಿ ಹೆಣ್ಣುಮಗಳು ದಿನದ ಪಗಾರ ಕಳೆದುಕೊಂಡು ದಾವಣಗೆರೆಗೆ ಬಸ್ಸು ಹತ್ತುವಂತಾಗಬಾರದು. ತಾಲ್ಲೂಕು ಆಸ್ಪತ್ರೆಯಲ್ಲೇ, ವರ್ಷವಿಡೀ, ಬಿಟ್ಟಿಯಾಗಿ ಅದು ಸಿಗಬೇಕು.

ಇಷ್ಟು ದೂರ ಬರದಂತೆ ತಡೆಯುವ ದಾರಿಯೂ ಇದೆ. ರುಮ್ಯಾಟಿಕ್‌ ಜ್ವರ ಬಂದುಹೋದ ಮಗುವಿಗೆ ಮೂರು ನಾಲ್ಕು ವಾರಕ್ಕೊಮ್ಮೆ ಪೆನಿಸಿಲಿನ್‌ ಇಂಜೆಕ್ಷನ್‌ ವರ್ಷಗಟ್ಟಲೆ ತಪ್ಪದೆ ಬಿದ್ದರೆ ಜ್ವರ ಮರುಕಳಿಸುವುದು ಬಹುಮಟ್ಟಿಗೆ ತಪ್ಪುತ್ತದೆ, ಕವಾಟ ಇನ್ನಷ್ಟು ಕೆಡುವ ಅಪಾಯವೂ ತಗ್ಗುತ್ತದೆ. ಅಲರ್ಜಿಯ ಭಯಕ್ಕೆ ಅದನ್ನು ಕೊಡಲು ಹಿಂಜರಿಯುವವರಿಗೆ ತರಬೇತಿ ಕೊಡಬೇಕು. 2013ರಲ್ಲಿ ಆರಂಭವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ತಪಾಸಣೆ ಪಟ್ಟಿಯಲ್ಲಿ ಈ ಕಾಯಿಲೆಯ ಹೆಸರಿದೆ. ಆದರೆ ಸ್ಟೆತೊಸ್ಕೋಪಿಗೆ ಕೇಳಿಸದೆ ಎಕೋದಲ್ಲಿ ಮಾತ್ರ ಕಾಣುವ ಕವಾಟದ ಕೆಡುಕು ಎಷ್ಟೋ ಇರುತ್ತದೆ. ಜೆಜೆಎಂ, ಎಸ್‌.ಎಸ್‌. ಎಂಬ ಎರಡು ವೈದ್ಯಕೀಯ ಕಾಲೇಜುಗಳಿರುವ ಊರು ನಮ್ಮ ದಾವಣಗೆರೆ. ಅವು ಜಿಲ್ಲಾ ಆರೋಗ್ಯ ಇಲಾಖೆಯೊಡನೆ ಸೇರಿ ಸರ್ಕಾರಿ ಶಾಲೆಗಳಿಗೆ ಎಕೋ ಯಂತ್ರ ಒಯ್ಯಲಿ. ತಾಯಿ ಕಾರ್ಡ್‌ ಹಿಡಿದು ಬರುವ ಪ್ರತಿ ಬಸುರಿಯ ಎದೆಬಡಿತವನ್ನು ಒಮ್ಮೆಯಾದರೂ ಕಿವಿಗೊಟ್ಟು ಕೇಳಲಿ.

ಓದುಗರಲ್ಲಿ ಒಂದು ಕೋರಿಕೆ. ಮನೆಯಲ್ಲಿ ಯಾರಿಗಾದರೂ ಎದೆ ಹೊಡೆದುಕೊಳ್ಳುತ್ತಿದ್ದರೆ ಒಂದು ನಿಮಿಷ ಅವರ ಮಣಿಕಟ್ಟು ಹಿಡಿದು ನೋಡಿ. ನಾಡಿ ತಪ್ಪುತ್ತಿದ್ದರೆ ವೈದ್ಯರ ಬಳಿ ಕರೆದೊಯ್ದು ಇಸಿಜಿ ಮಾಡಿಸಿ. ಚಿಕ್ಕಂದಿನಲ್ಲಿ ಕೀಲುನೋವಿನ ಜ್ವರ ಬಂದಿತ್ತೇ ಎಂಬುದನ್ನು ಹೇಳಿ, ಎಕೋ ಬೇಕೇ ಎಂದು ನೀವೇ ಕೇಳಿ.