ಮೊತ್ತ ನೋಡಬೇಡಿ, ಪಾಲು ನೋಡಿ



ಜೂನ್ ಬಂತೆಂದರೆ ನಮ್ಮ ಚರ್ಚ್ ಅಂಗಳದಲ್ಲಿ ಒಂದು ಮಾತು ಕೇಳಿಬರುತ್ತದೆ: "ಅವರಿಗೆ ಮಕ್ಕಳ ಓದಿನ ಬಗ್ಗೆ ಕಾಳಜಿಯೇ ಇಲ್ಲ." ಕಳೆದ ವರ್ಷ ವಾಳೆಯ ಸಭೆಯಲ್ಲಿ ನಾನೂ ಇದನ್ನೇ ಹೇಳಿದ್ದೆ. ಸಭೆ ಮುಗಿದ ಮೇಲೆ ಬೀಡಿ ಕಟ್ಟಿ ಮನೆ ನಡೆಸುವ ತಾಯಿಯೊಬ್ಬರು ನನ್ನನ್ನು ಕರೆದರು. "ಬೇಡ ಅಂತ ಅಲ್ಲ ಮಗಾ, ಬಸ್ಸಿಗೆ ಕೊಟ್ಟರೆ ಟ್ಯೂಷನ್‌ಗೆ ಉಳಿಯುವುದಿಲ್ಲ" ಎಂದರು. ನನಗೆ ನಾಚಿಕೆಯಾಯಿತು. ಬಿಎಸ್ಸಿ ಓದಿದವನಿಗೆ ಇಷ್ಟು ಸರಳ ಲೆಕ್ಕ ಹೊಳೆದಿರಲಿಲ್ಲ.

ತಿಂಗಳಿಗೆ 15,000 ರೂಪಾಯಿ ಬರುವ ಮನೆ ಮಕ್ಕಳ ಓದಿಗೆ 1,500 ಹಾಕುತ್ತದೆ, ಒಂದು ಲಕ್ಷ ಬರುವ ಮನೆ 8,000 ಹಾಕುತ್ತದೆ ಎಂದಿಟ್ಟುಕೊಳ್ಳಿ. ನಮ್ಮ ಕಣ್ಣಿಗೆ ಕಾಣುವುದು 8,000. ಆದರೆ ಮೊದಲ ಮನೆ ಕೊಟ್ಟದ್ದು ಆದಾಯದ ಶೇ. 10, ಎರಡನೆಯದು ಶೇ. 8. ಆದಾಯ ಕಡಿಮೆಯಾದಷ್ಟೂ ಅದರಲ್ಲಿ ಊಟದ ಪಾಲು ಹೆಚ್ಚು ಎಂದು ಜರ್ಮನಿಯ ಸಂಖ್ಯಾಶಾಸ್ತ್ರಜ್ಞ ಅರ್ನ್ಸ್ಟ್ ಎಂಗೆಲ್ 1857ರಲ್ಲೇ ತೋರಿಸಿದ್ದ. ಅಕ್ಕಿ, ಮದ್ದು, ಕುಟುಂಬಶ್ರೀ ಸಾಲದ ಕಂತು ಕಳೆದು ಕೈಯಲ್ಲಿ 2,000 ಉಳಿದರೆ, ಆ 1,500 ಅದರ ಮುಕ್ಕಾಲು ಪಾಲು! ಎರಡು ಕಾಸು ಹಾಕಿದ ಬಡ ವಿಧವೆಯನ್ನು ಯೇಸು ಯಾಕೆ ಮೆಚ್ಚಿದರೆಂದು ಧರ್ಮೋಪದೇಶ ತರಗತಿಯಲ್ಲಿ ಕಲಿತೆವು. ನೆರೆಮನೆಯ ಲೆಕ್ಕ ಹಾಕುವಾಗ ಮರೆತೆವು.

"ಶಾಲೆ ಉಚಿತ ಅಲ್ಲವೇ?" ಎನ್ನುವವರಿದ್ದಾರೆ. 2009ರ ಶಿಕ್ಷಣ ಹಕ್ಕು ಕಾಯಿದೆ 6ರಿಂದ 14 ವರ್ಷದವರಿಗೆ ಉಚಿತ ಶಿಕ್ಷಣದ ಹಕ್ಕು ಕೊಟ್ಟಿದೆ, ನಿಜ. ಆದರೆ ಟ್ಯೂಷನ್, ಮೊಬೈಲ್ ರೀಚಾರ್ಜ್ ಅದರಲ್ಲಿಲ್ಲ. ಖರ್ಚು ನಿಜವಾಗಿ ಏರುವುದು ಪ್ಲಸ್ ಟು ಮುಗಿಸಿ ಕಾಸರಗೋಡಿನಿಂದ ಮಂಗಳೂರಿನ ಕಾಲೇಜಿಗೆ ಹೊರಟಾಗ. ಆಗ ಆ ಕಾಯಿದೆ ಜೊತೆಗಿರುವುದಿಲ್ಲ. ಓದು ನಿಲ್ಲುವುದೂ ಅಲ್ಲೇ. "ಕುಡಿಯಲು ದುಡ್ಡಿದೆಯಲ್ಲ" ಎನ್ನುತ್ತೀರಾ? ಕುಡಿತ ಸಂಬಳದ ಮನೆಯಲ್ಲೂ ಇದೆ; ಅವರ ಲೆಕ್ಕವನ್ನು ಯಾರೂ ಕೇಳುವುದಿಲ್ಲ.

ನಾವೇನು ಮಾಡುತ್ತೇವೆ? ಹೆಚ್ಚು ಅಂಕ ಬಂದವರಿಗೆ ಶಾಲು ಹೊದಿಸಿ ಚಪ್ಪಾಳೆ ತಟ್ಟುತ್ತೇವೆ. ಆ ಅಂಕದ ಹಿಂದೆ ಎಷ್ಟು ಟ್ಯೂಷನ್ ಇತ್ತೆಂದು ಕೇಳುವುದಿಲ್ಲ. ಧರ್ಮೋಪದೇಶದ ಕೋಣೆಗಳಿಗೆ ವಾರದಲ್ಲಿ ಆರು ದಿನ ಬೀಗ. ಡಿಗ್ರಿ ಮುಗಿಸಿದ ನಾವು ಸಂಜೆ ಮೊಬೈಲ್ ಹಿಡಿದು ಕೂತಿರುತ್ತೇವೆ. ವಾರಕ್ಕೆ ಎರಡು ಸಂಜೆ ಆ ಬೀಗ ತೆಗೆದು ಉಚಿತವಾಗಿ ಪಾಠ ಹೇಳಿಕೊಡೋಣ. ಶಾಲು, ಫಲಕದ ದುಡ್ಡನ್ನು ಬಸ್ ಖರ್ಚಿಗೆ ಕೊಡೋಣ. ವೇದಿಕೆಯ ಮೇಲಲ್ಲ, ಗುರಿಕಾರರ ಮೂಲಕ, ಸದ್ದಿಲ್ಲದೆ.

ಬರುವ ಭಾನುವಾರ ಬಲಿಪೂಜೆಯ ಬಳಿಕ ಹೆಸರು ಕೊಡಿ. ಪಟ್ಟಿಯಲ್ಲಿ ಮೊದಲ ಹೆಸರು ನನ್ನದು. ಗಣಿತ ನಾನು ಹೇಳಿಕೊಡುತ್ತೇನೆ.