ತೆರೆಯ ಮೇಲಿನ ಕ್ಷಣ, ಮನೆಯೊಳಗಿನ ಪಾಠ

ಸಂಜೆಯ ಜಪಸರ ಮುಗಿದಿದೆ, ಊಟವೂ ಆಗಿದೆ. ಅಜ್ಜಿಯಿಂದ ಮೊದಲ್ಗೊಂಡು ಒಂದನೆಯ ತರಗತಿಯ ಮಗುವಿನವರೆಗೆ ಮನೆಮಂದಿಯೆಲ್ಲ ಟಿ.ವಿ.ಯ ಮುಂದೆ ಕುಳಿತಿದ್ದಾರೆ. ಮಕ್ಕಳಿಗಾಗಿ ಹಾಕಿದ ಚಿತ್ರ 2022ರಲ್ಲಿ ತೆರೆಕಂಡ ‘ಲೈಟ್‌ಇಯರ್’. ದೂರದ ಗ್ರಹವೊಂದರಲ್ಲಿ ಸಿಲುಕಿದ ಗಗನಯಾತ್ರಿ ಬಝ್ ಒಂದೊಂದು ಪರೀಕ್ಷಾರ್ಥ ಹಾರಾಟ ಮುಗಿಸಿ ಮರಳುವಾಗ ಅವನ ಪಾಲಿಗೆ ಕಳೆದಿರುವುದು ಕೆಲವೇ ನಿಮಿಷಗಳು. ನೆಲದ ಮೇಲಿದ್ದವರಿಗಾದರೋ ವರ್ಷಗಳೇ ಉರುಳಿರುತ್ತವೆ. ಅವನ ಆಪ್ತಳೂ ಅಧಿಕಾರಿಯೂ ಆದ ಅಲಿಶಾ ಈ ನಡುವೆ ಸಂಸಾರ ಕಟ್ಟಿಕೊಳ್ಳುತ್ತಾಳೆ, ಮಗನನ್ನು ಪಡೆಯುತ್ತಾಳೆ, ಮುದುಕಿಯಾಗುತ್ತಾಳೆ. ಆಕೆಯ ಬಾಳಸಂಗಾತಿಯೂ ಒಬ್ಬ ಹೆಂಗಸು. ಮನೆಯ ಸಂಭ್ರಮವೊಂದರಲ್ಲಿ ಅವರಿಬ್ಬರೂ ಕ್ಷಣಮಾತ್ರ ಮುತ್ತಿಡುವುದು ತೆರೆಯ ಮೇಲೆ ಕಾಣಿಸುತ್ತದೆ.

ಆ ಕ್ಷಣದಲ್ಲಿ ನಮ್ಮ ಮನೆಗಳಲ್ಲಿ ಏನಾಗುತ್ತದೆ? ತಂದೆಯ ಕೈ ರಿಮೋಟನ್ನು ಹುಡುಕುತ್ತದೆ. ಅಜ್ಜಿ ಶಿಲುಬೆಯ ಗುರುತು ಹಾಕಿಕೊಳ್ಳುತ್ತಾರೆ. ಮನೆಗೆ ಬಂದಿದ್ದ ಬಂಧುವೊಬ್ಬರು ಒಂದು ಚಟಾಕಿ ಹಾರಿಸುತ್ತಾರೆ. ನಾಲ್ಕು ಮಂದಿ ನಗುತ್ತಾರೆ. ಮಗು ಮಾತ್ರ ತೆರೆಯನ್ನು ನೋಡುತ್ತಿರುವುದಿಲ್ಲ, ದೊಡ್ಡವರ ಮುಖಗಳನ್ನು ನೋಡುತ್ತಿರುತ್ತದೆ. ಮಕ್ಕಳ ಚಿತ್ರಗಳಲ್ಲಿ ಸಲಿಂಗ ಸಂಗಾತಿಗಳು ಕಾಣಿಸಿಕೊಳ್ಳುತ್ತಿರುವ ವಿಷಯವಾಗಿ ಕ್ರೈಸ್ತ ಹೆತ್ತವರ ಚಿಂತನೆ ಈ ಮುಖಗಳಿಂದಲೇ ಆರಂಭವಾಗಬೇಕೆಂಬುದು ಈ ಬರಹದ ವಿನಂತಿ.

ಈ ಚಿತ್ರದ ಹೆಸರು ನಮ್ಮಲ್ಲಿ ಅನೇಕರಿಗೆ ಪರಿಚಿತವಾದುದು ಕೊಲ್ಲಿ ರಾಷ್ಟ್ರಗಳಲ್ಲಿರುವ ಬಂಧುಗಳ ಮೂಲಕ. 2022ರ ಜೂನ್ ತಿಂಗಳಲ್ಲಿ ಸಂಯುಕ್ತ ಅರಬ್ ಎಮಿರೇಟ್ಸ್ ಸೇರಿದಂತೆ ಹಲವು ದೇಶಗಳು ಅದನ್ನು ಚಿತ್ರಮಂದಿರಗಳಲ್ಲಿ ತೋರಿಸಲು ಬಿಡಲಿಲ್ಲ. ಅದಕ್ಕೂ ಎರಡು ವರ್ಷ ಮೊದಲು, 2020ರಲ್ಲಿ ಬಂದ ‘ಆನ್‌ವರ್ಡ್’ ಚಿತ್ರದಲ್ಲಿ ಒಕ್ಕಣ್ಣಿನ ಮಹಿಳಾ ಪೊಲೀಸ್ ಪಾತ್ರವೊಂದು ತನ್ನ ಗೆಳತಿಯ ಮಗಳ ವಿಷಯವಾಗಿ ಒಂದೇ ಒಂದು ಮಾತನ್ನಾಡುತ್ತದೆ. ಅಷ್ಟಕ್ಕೇ ಕುವೈತ್, ಒಮಾನ್, ಕತಾರ್ ಹಾಗೂ ಸೌದಿ ಅರೇಬಿಯಾಗಳಲ್ಲಿ ಆ ಚಿತ್ರ ಪ್ರದರ್ಶನಗೊಳ್ಳಲಿಲ್ಲ. ಆದರೆ ಚಿತ್ರಮಂದಿರದ ಬಾಗಿಲನ್ನು ಸರಕಾರ ಮುಚ್ಚಬಹುದು. ಮಕ್ಕಳ ಅಂಗೈಯಲ್ಲಿರುವ ಮೊಬೈಲಿನ ಬಾಗಿಲನ್ನು ಮುಚ್ಚುವವರು ಯಾರು? ಕೊನೆಗೆ ಈ ಹೊಣೆ ಬಂದು ನಿಲ್ಲುವುದು ತಾಯ್ತಂದೆಯರ ಮುಂದೆಯೇ. ದ್ವಿತೀಯ ವ್ಯಾಟಿಕನ್ ಮಹಾಸಭೆ 1963ರ ಡಿಸೆಂಬರಿನಲ್ಲಿ ಸಮೂಹ ಮಾಧ್ಯಮಗಳ ಕುರಿತು ಹೊರಡಿಸಿದ ‘ಇಂಟರ್ ಮಿರಿಫಿಕಾ’ ಆಜ್ಞಾಪತ್ರವೂ ಈ ಕರ್ತವ್ಯವನ್ನು ಹೆತ್ತವರಿಗೆ ನೆನಪಿಸಿದೆ.

ಚಿತ್ರ ತಯಾರಿಸುವವರ ಉದ್ದೇಶದ ಬಗ್ಗೆ ನಮ್ಮಲ್ಲಿ ಎರಡು ಬಗೆಯ ತಪ್ಪು ಕಲ್ಪನೆಗಳಿವೆ. ಇದು ನಮ್ಮ ಮಕ್ಕಳನ್ನು ಕೆಡಿಸುವ ಪಿತೂರಿಯೆಂದು ಕೆಲವರು ನಂಬಿದ್ದಾರೆ. ಇದು ಮಹಾ ಧೈರ್ಯದ ಕೆಲಸವೆಂದು ಇನ್ನು ಕೆಲವರು ಕೊಂಡಾಡುತ್ತಾರೆ. ನಡೆದುದನ್ನು ನೋಡಿದರೆ ಎರಡೂ ಸರಿಯೆನಿಸುವುದಿಲ್ಲ. ‘ಲೈಟ್‌ಇಯರ್’ ಚಿತ್ರದ ಆ ಮುತ್ತನ್ನು ಮೊದಲು ಕತ್ತರಿಸಲಾಗಿತ್ತು. 2022ರ ಮಾರ್ಚ್‌ನಲ್ಲಿ ಪಿಕ್ಸಾರ್ ಸಂಸ್ಥೆಯ ನೌಕರರು ಬಹಿರಂಗವಾಗಿ ಪ್ರತಿಭಟಿಸಿದ ಬಳಿಕ ಅದು ಮರಳಿ ಸೇರಿತು. ಅದೇ ಸಂಸ್ಥೆಯ ‘ವಿನ್ ಆರ್ ಲೂಸ್’ ಎಂಬ ಧಾರಾವಾಹಿಯಿಂದ ಲಿಂಗಪರಿವರ್ತಿತ ಪಾತ್ರದ ಕಥಾಭಾಗವನ್ನು ಕೈಬಿಟ್ಟ ಸುದ್ದಿ 2024ರ ಡಿಸೆಂಬರಿನಲ್ಲಿ ಹೊರಬಿತ್ತು. ಇಂತಹ ವಿಷಯಗಳನ್ನು ಮಕ್ಕಳೊಡನೆ ಯಾವಾಗ, ಹೇಗೆ ಮಾತನಾಡಬೇಕೆಂಬುದನ್ನು ತಾವೇ ನಿರ್ಧರಿಸಲು ಅನೇಕ ಹೆತ್ತವರು ಬಯಸುತ್ತಾರೆಂದು ಡಿಸ್ನಿ ಕಾರಣ ನೀಡಿತು. ಅದೇ ಧಾರಾವಾಹಿಯಲ್ಲಿ ಆಟದ ಬಯಲಿಗಿಳಿಯುವ ಪುಟ್ಟ ಹುಡುಗಿಯೊಬ್ಬಳು ದೇವರಲ್ಲಿ ಪ್ರಾರ್ಥಿಸುವ ದೃಶ್ಯವಿದೆ. ಹೀಗೆ ಗಾಳಿ ಬಂದತ್ತ ತೂರಿಕೊಳ್ಳುವ ವ್ಯಾಪಾರಿಗಳು ಅವರು. ಅವರಿಗೆ ಹೆದರಬೇಕಾಗಿಲ್ಲ, ಮಕ್ಕಳ ನೈತಿಕ ಶಿಕ್ಷಣವನ್ನು ಅವರಿಗೆ ಒಪ್ಪಿಸುವುದೂ ಸಲ್ಲ.

ತೆರೆಯ ಮೇಲೆ ಯಾರು ಕಾಣಬೇಕು, ಯಾರು ಕಾಣಬಾರದು ಎಂಬ ಪ್ರಶ್ನೆ ಕಥೋಲಿಕರಿಗೆ ಹೊಸದೇನೂ ಅಲ್ಲ. ಹಾಲಿವುಡ್ಡಿನ ಚಿತ್ರಗಳಿಗೆ 1930ರಲ್ಲಿ ನಿಯಮಾವಳಿಯನ್ನು ಬರೆದುಕೊಟ್ಟವರು ಯೇಸುಸಭೆಯ ಗುರು ಡೇನಿಯಲ್ ಲಾರ್ಡ್ ಮತ್ತು ಕಥೋಲಿಕ ಗೃಹಸ್ಥ ಮಾರ್ಟಿನ್ ಕ್ವಿಗ್ಲಿ. 1934ರಿಂದ ಅದನ್ನು ಬಿಗಿಯಾಗಿ ಜಾರಿಗೊಳಿಸಿದ ಜೋಸೆಫ್ ಬ್ರೀನ್ ಕೂಡ ಕಥೋಲಿಕರೇ. 1936ರಲ್ಲಿ ಜಗದ್ಗುರು ಹನ್ನೊಂದನೆಯ ಪಿಯುಸ್ ಅವರು ಚಲನಚಿತ್ರಗಳ ಕುರಿತ ತಮ್ಮ ಪತ್ರದಲ್ಲಿ ಅಮೆರಿಕದ ಕಥೋಲಿಕರ ಜಾಗೃತಿಯನ್ನು ಮೆಚ್ಚಿಕೊಂಡರು. ಆ ನಿಯಮಾವಳಿ ಅಶ್ಲೀಲತೆಯನ್ನು ತಡೆಯಿತು, ಗುರುಗಳನ್ನು ಹಾಸ್ಯಪಾತ್ರ ಮಾಡುವುದನ್ನು ನಿಷೇಧಿಸಿತು; ಸಲಿಂಗ ಸಂಬಂಧದ ಸುಳಿವನ್ನೂ ಬಿಡಲಿಲ್ಲ. ಅದೇ ಕಾಗದದಲ್ಲಿ ಬಿಳಿಯರ ಹಾಗೂ ಕರಿಯರ ನಡುವಣ ಪ್ರಣಯವನ್ನು ತೋರಿಸಬಾರದೆಂಬ ನಿಷೇಧವೂ ಇತ್ತೆಂಬುದನ್ನು ನಾವು ಮರೆಯಬಾರದು. ಮಕ್ಕಳನ್ನು ಕಾಪಾಡಬೇಕೆಂಬ ಸದುದ್ದೇಶದ ಜತೆಯಲ್ಲೇ ಆ ಕಾಲದ ತಾತ್ಸಾರವೂ ನುಸುಳಿಕೊಳ್ಳಬಲ್ಲುದು. 1968ರಲ್ಲಿ ಆ ನಿಯಮಾವಳಿ ತೆರವಾಯಿತು. ಅದು ಕಲಿಸಿದ ಎಚ್ಚರಿಕೆಯಂತೂ ಇಂದಿಗೂ ಬೇಕಾಗಿದೆ.

ತೆರೆಯ ಮೇಲೆ ತಪ್ಪಾಗಿ ಕಾಣಿಸಿಕೊಳ್ಳುವ ನೋವು ಏನೆಂಬುದು ನಮಗೂ ತಿಳಿದಿದೆ. ಕಳೆದ ಶತಮಾನದ ಎಷ್ಟೋ ಭಾರತೀಯ ಚಿತ್ರಗಳಲ್ಲಿ ಕ್ರೈಸ್ತನೆಂದರೆ ಬಾಟಲಿ ಹಿಡಿದ ಕುಡುಕ, ಇಲ್ಲವೇ ಕಳ್ಳಸಾಗಣೆಯವನ ಬಂಟ; ಕ್ರೈಸ್ತ ಹೆಣ್ಣೆಂದರೆ ಗಿಡ್ಡ ಲಂಗ ತೊಟ್ಟ ಕ್ಲಬ್ಬಿನ ನರ್ತಕಿ. ಪ್ರಾತಃಕಾಲ ಎದ್ದು ಬಲಿಪೂಜೆಗೆ ಹೋಗಿ, ಗದ್ದೆಯಲ್ಲೋ ಕಾರ್ಖಾನೆಯಲ್ಲೋ ದುಡಿದು, ಮಕ್ಕಳನ್ನು ಓದಿಸಿದ ನಮ್ಮ ಹಿರಿಯರು ಆ ತೆರೆಯ ಮೇಲೆ ಎಲ್ಲೂ ಇರಲಿಲ್ಲ. ಶಾಲೆಯಲ್ಲಿ ಸಹಪಾಠಿಗಳು ಆ ಪಾತ್ರಗಳ ಹೆಸರು ಹಿಡಿದು ಕರೆದಾಗ ನಮ್ಮ ಮಕ್ಕಳು ತಲೆತಗ್ಗಿಸಿದ್ದುಂಟು. ಅಮೆರಿಕದ ಕಾರ್ಟೂನ್ ಚಿತ್ರಗಳಲ್ಲಿಯೂ ಹೀಗೆಯೇ ನಡೆದಿದೆ. 1992ರ ‘ಅಲ್ಲಾದಿನ್’ ಚಿತ್ರದ ಮೊದಲ ಹಾಡು ಅರಬರನ್ನು ಕಿವಿ ಕತ್ತರಿಸುವ ಕ್ರೂರಿಗಳಂತೆ ಚಿತ್ರಿಸಿದಾಗ ಅಮೆರಿಕದ ಅರಬ್ ಕುಟುಂಬಗಳು ಪ್ರತಿಭಟಿಸಿದವು. ಮರುವರ್ಷ ವಿಡಿಯೋ ಕ್ಯಾಸೆಟ್ ಬಿಡುಗಡೆಯಾಗುವಾಗ ಆ ಸಾಲು ಬದಲಾಯಿತು. ಡಿಸ್ನಿಯ ರಾಜಕುಮಾರಿಯರ ಸಾಲಿಗೆ ಕಪ್ಪು ವರ್ಣದ ಹುಡುಗಿಯೊಬ್ಬಳು ಸೇರಲು 2009ರವರೆಗೆ ಕಾಯಬೇಕಾಯಿತು. 2017ರ ‘ಕೋಕೋ’ ಚಿತ್ರದಲ್ಲಿ ಮೆಕ್ಸಿಕೋದ ಕುಟುಂಬವೊಂದು ತೀರಿಹೋದ ಹಿರಿಯರ ದಿನವನ್ನು ಆಚರಿಸುವುದನ್ನು ಕಂಡು, ಮೃತರ ಸ್ಮರಣೆಯ ದಿನ ಸಮಾಧಿಗಳಿಗೆ ಹೂವಿಟ್ಟು ಮೇಣದಬತ್ತಿ ಹಚ್ಚುವ ನಮ್ಮ ಕಣ್ಣುಗಳೂ ತೇವಗೊಂಡವು. ಹಾಗಾದರೆ ಇತರರು ತಮ್ಮ ಮುಖವನ್ನು ತೆರೆಯ ಮೇಲೆ ಅರಸುವುದನ್ನು ಕಂಡು ನಾವು ಅಪಹಾಸ್ಯ ಮಾಡಲಾದೀತೆ?

ಇಲ್ಲಿ ಒಬ್ಬರ ಕಥೆಯನ್ನು ಹೇಳಲೇಬೇಕಾಗಿದೆ. ‘ದಿ ಲಿಟ್ಲ್ ಮರ್ಮೇಯ್ಡ್’ ಮತ್ತು ‘ಬ್ಯೂಟಿ ಆ್ಯಂಡ್ ದಿ ಬೀಸ್ಟ್’ ಚಿತ್ರಗಳ ಹಾಡುಗಳನ್ನು ಮೂರು ದಶಕಗಳಿಂದ ಜಗತ್ತಿನ ಮಕ್ಕಳು ಹಾಡುತ್ತಲೇ ಬಂದಿದ್ದಾರೆ. ಅವುಗಳನ್ನು ಬರೆದವರು ಬಾಲ್ಟಿಮೋರಿನ ಯೆಹೂದ್ಯ ಕುಟುಂಬದಲ್ಲಿ ಹುಟ್ಟಿದ ಹೊವರ್ಡ್ ಆ್ಯಶ್ಮನ್. ಅವರು ಸಲಿಂಗಾಸಕ್ತರು. ಅವರಿಗೆ ಏಡ್ಸ್ ತಗಲಿತ್ತು. ದೇಹ ಕುಗ್ಗುತ್ತಾ ಬಂದಾಗ ಚಿತ್ರ ತಯಾರಿಸುವವರೇ ನ್ಯೂಯಾರ್ಕ್ ರಾಜ್ಯದಲ್ಲಿದ್ದ ಅವರ ಬಳಿಗೆ ಹೋಗಿ ಕೆಲಸ ಮುಂದುವರಿಸಿದರು. 1991ರ ಮಾರ್ಚ್ 14ರಂದು, ‘ಬ್ಯೂಟಿ ಆ್ಯಂಡ್ ದಿ ಬೀಸ್ಟ್’ ಬಿಡುಗಡೆಯಾಗುವುದಕ್ಕೆ ತಿಂಗಳುಗಳ ಮೊದಲೇ, ತಮ್ಮ 40ನೆಯ ವಯಸ್ಸಿನಲ್ಲಿ ಅವರು ತೀರಿಕೊಂಡರು. ಮರುವರ್ಷ ಆ ಚಿತ್ರದ ಹಾಡಿಗೆ ಸಂದ ಆಸ್ಕರ್ ಪ್ರಶಸ್ತಿಯನ್ನು ಅವರ ಪರವಾಗಿ ಸ್ವೀಕರಿಸಿದವರು ಅವರ ಸಂಗಾತಿ ಬಿಲ್ ಲೌಚ್.

ಆ್ಯಶ್ಮನ್ ಕೊನೆಯುಸಿರೆಳೆದುದು ಎಲ್ಲಿ? ನ್ಯೂಯಾರ್ಕ್ ನಗರದ ಸಂತ ವಿನ್ಸೆಂಟ್ ಆಸ್ಪತ್ರೆಯಲ್ಲಿ. ಅದು 1849ರಲ್ಲಿ ‘ಸಿಸ್ಟರ್ಸ್ ಆಫ್ ಚಾರಿಟಿ’ ಧರ್ಮಭಗಿನಿಯರು ಆರಂಭಿಸಿದ ಕಥೋಲಿಕ ಆಸ್ಪತ್ರೆ. ಏಡ್ಸ್ ರೋಗಿಯನ್ನು ಮುಟ್ಟಲು ಸ್ವಂತ ಬಂಧುಗಳೂ ಹಿಂಜರಿಯುತ್ತಿದ್ದ 1984ರಲ್ಲಿ ಅದು ಆ ರೋಗಿಗಳಿಗಾಗಿಯೇ ವಾರ್ಡನ್ನು ತೆರೆಯಿತು. ಮರುವರ್ಷದ ಕ್ರಿಸ್ಮಸ್ ಮುನ್ನಾದಿನದಂದು ಅದೇ ನಗರದಲ್ಲಿ ಮದರ್ ತೆರೇಸಾ ಅವರು ಏಡ್ಸ್ ರೋಗಿಗಳಿಗಾಗಿ ಆಶ್ರಯಧಾಮವೊಂದನ್ನು ಆರಂಭಿಸಿದರು. ಮದರ್ ತೆರೇಸಾ ಅವರು ವಿವಾಹದ ಬಗ್ಗೆ ಧರ್ಮಸಭೆಯ ಬೋಧನೆಯಿಂದ ಎಳ್ಳಷ್ಟೂ ಕದಲಿದವರಲ್ಲ. ಆದರೆ ಸಾಯುತ್ತಿದ್ದವನ ಹಾಸಿಗೆಯ ಬಳಿ ಅವರು ಚಟಾಕಿ ಹಾರಿಸಲಿಲ್ಲ. ಅವನ ಮೈ ತೊಳೆದರು, ಗುಟುಕು ನೀರು ಕೊಟ್ಟರು. ಬೋಧನೆಯನ್ನೂ ಕರುಣೆಯನ್ನೂ ಒಟ್ಟಿಗೆ ಹಿಡಿದುಕೊಳ್ಳುವುದು ಹೇಗೆಂಬುದಕ್ಕೆ ಇದಕ್ಕಿಂತ ಸ್ಪಷ್ಟವಾದ ಮೇಲ್ಪಂಕ್ತಿ ನಮಗೆ ಬೇಕಿಲ್ಲ.

ಧರ್ಮಸಭೆಯ ಬೋಧನೆಯಲ್ಲಿ ಮುಚ್ಚುಮರೆಯಿಲ್ಲ. ವಿವಾಹವೆಂಬ ಸಂಸ್ಕಾರ ಒಬ್ಬ ಪುರುಷ ಹಾಗೂ ಒಬ್ಬ ಸ್ತ್ರೀಯ ನಡುವಣ, ಜೀವಕ್ಕೆ ತೆರೆದುಕೊಂಡ, ಬಾಳಿನ ಕೊನೆಯವರೆಗಿನ ಒಡಂಬಡಿಕೆ. ಸಲಿಂಗ ದೈಹಿಕ ಸಂಬಂಧವನ್ನು ಧರ್ಮಸಭೆ ಒಪ್ಪುವುದಿಲ್ಲ. ಆದರೆ 1992ರಲ್ಲಿ ಪ್ರಕಟವಾದ ಕ್ಯಾಟೆಕಿಸಂ ಅದೇ ಪುಟದಲ್ಲಿ ಇನ್ನೊಂದು ಮಾತನ್ನೂ ಹೇಳುತ್ತದೆ: ಇಂತಹ ವ್ಯಕ್ತಿಗಳನ್ನು ಗೌರವದಿಂದ, ಕನಿಕರದಿಂದ, ಸೂಕ್ಷ್ಮತೆಯಿಂದ ಬರಮಾಡಿಕೊಳ್ಳಬೇಕು, ಅವರ ವಿಷಯದಲ್ಲಿ ಅನ್ಯಾಯದ ತಾರತಮ್ಯ ಕೂಡದು. ಮೊದಲನೆಯ ಮಾತನ್ನು ನಾವು ಚೆನ್ನಾಗಿ ಕಂಠಪಾಠ ಮಾಡಿದ್ದೇವೆ. ಎರಡನೆಯದು ಮಾತ್ರ ನಮ್ಮ ಜಗಲಿಯ ಹರಟೆಗಳಲ್ಲಿ ಕೇಳಿಬರುವುದು ಅಪರೂಪ. ದಿವಂಗತ ಜಗದ್ಗುರು ಫ್ರಾನ್ಸಿಸ್ ಅವರು 2023ರ ಜನವರಿಯಲ್ಲಿ ಸಲಿಂಗಾಸಕ್ತರಾಗಿರುವುದು ಅಪರಾಧವಲ್ಲವೆಂದು ಸ್ಪಷ್ಟಪಡಿಸಿದ್ದರು. ನಮ್ಮ ದೇಶದ ಸುಪ್ರೀಂ ಕೋರ್ಟ್ ಕೂಡ ವಯಸ್ಕರ ಇಂತಹ ಸಮ್ಮತಿಯ ಸಂಬಂಧವನ್ನು 2018ರಲ್ಲಿ ಅಪರಾಧದ ಪಟ್ಟಿಯಿಂದ ತೆಗೆದಿತ್ತು. ಸಲಿಂಗ ವಿವಾಹಕ್ಕೆ ಮಾನ್ಯತೆ ನೀಡಲು 2023ರ ಅಕ್ಟೋಬರಿನಲ್ಲಿ ಅದು ಒಪ್ಪಲಿಲ್ಲ.

“ಹಾಗಿದ್ದರೂ ಆರು ವರ್ಷದ ಮಗುವಿಗೆ ಇದೆಲ್ಲ ಬೇಕೆ?” ಎಂದು ತಾಯಂದಿರು ಕೇಳುತ್ತಾರೆ. ಇದು ನ್ಯಾಯವಾದ ಪ್ರಶ್ನೆ. ಮಕ್ಕಳ ಪ್ರಥಮ ಶಿಕ್ಷಕರು ತಾಯ್ತಂದೆಯರೇ ಎಂದು ಮಹಾಸಭೆ 1965ರಲ್ಲಿ ಸಾರಿದೆ. ಯಾವ ಚಿತ್ರ ಯಾವ ವಯಸ್ಸಿಗೆ ತಕ್ಕುದು ಎಂದು ತೀರ್ಮಾನಿಸುವ ಹಕ್ಕು ಅವರದು. ಒಂದು ಚಿತ್ರ ಇನ್ನೂ ಬೇಡವೆಂದು ಕಂಡರೆ ಶಾಂತವಾಗಿ ಬೇಡವೆನ್ನಲಿ, ಅದರಲ್ಲಿ ತಪ್ಪಿಲ್ಲ. ಆದರೆ ಆ ದೃಶ್ಯ ಎದುರಾಗಿ ಮಗು “ಅವರಿಬ್ಬರೂ ಅಮ್ಮಂದಿರೇ?” ಎಂದು ಕೇಳಿದಾಗ ಬಾಯಿ ಮುಚ್ಚಿಸುವುದು ಉತ್ತರವಲ್ಲ. “ಹೌದು ಮಗಾ, ಕೆಲವರು ಹಾಗೆ ಬಾಳುತ್ತಾರೆ. ನಮ್ಮ ಧರ್ಮಸಭೆಯಲ್ಲಿ ಮದುವೆಯೆಂದರೆ ಅಪ್ಪ–ಅಮ್ಮನ ಹಾಗೆ ಗಂಡು, ಹೆಣ್ಣು ದೇವರ ಮುಂದೆ ಒಂದಾಗುವುದು. ಅವರನ್ನೂ ದೇವರು ಪ್ರೀತಿಸುತ್ತಾನೆ, ಅವರನ್ನು ಅಣಕಿಸಬಾರದು.” ಅಷ್ಟು ಸಾಕು. ಮಗು ಮತ್ತೆ ಬಝ್‌ನ ಯಂತ್ರದ ಬೆಕ್ಕನ್ನು ನೋಡತೊಡಗುತ್ತದೆ. ಹದಿನಾಲ್ಕರ ಹರೆಯದವರಿಗಾದರೆ ಅಷ್ಟು ಸಾಲದು. ಅವರೊಡನೆ ಕುಳಿತು ಕ್ಯಾಟೆಕಿಸಂ ತೆರೆದು, ಈ ವಿಷಯದ ಕಂಡಿಕೆಗಳನ್ನು ಅರ್ಧಕ್ಕೆ ನಿಲ್ಲಿಸದೆ ಪೂರ್ತಿಯಾಗಿ ಓದಬೇಕು. ಅವರು ಎದುರುವಾದಿಸಿದರೆ ಕೇಳಿಸಿಕೊಳ್ಳಬೇಕು. ಈ ಮಾತನ್ನು ನಾವು ಆಡದಿದ್ದರೆ ಮೊಬೈಲು ಆಡುತ್ತದೆ.

ಕೊನೆಯದಾಗಿ, ಪ್ರಶ್ನೆ ಕೇಳದ ಮಗುವಿನ ವಿಷಯ. ನಾವು ಚಟಾಕಿ ಹಾರಿಸಿದಾಗ ಅದೇ ಕೋಣೆಯ ಮೂಲೆಯಲ್ಲಿ ಹದಿಹರೆಯದ ಹುಡುಗನೋ ಹುಡುಗಿಯೋ ಕುಳಿತಿರಬಹುದು. ತಾನು ಇತರರಂತಿಲ್ಲವೇನೋ ಎಂಬ ಅಳುಕನ್ನು ಯಾರಿಗೂ ಹೇಳಲಾರದೆ ಆ ಮಗು ಬಚ್ಚಿಟ್ಟುಕೊಂಡಿರಬಹುದು. ಎಲ್ಲರೂ ನಕ್ಕಾಗ ಅದೂ ನಗುತ್ತದೆ. ಅಂದೇ ಅದು ಒಂದು ನಿರ್ಧಾರಕ್ಕೆ ಬರುತ್ತದೆ: ಈ ಮನೆಯಲ್ಲಿ, ಈ ಧರ್ಮಕೇಂದ್ರದಲ್ಲಿ, ಪಾಪನಿವೇದನೆಯ ಪೀಠದಲ್ಲೂ ತನ್ನ ಮನಸ್ಸನ್ನು ತೆರೆಯುವಂತಿಲ್ಲ. ಚಿಕ್ಕವರನ್ನು ಎಡವಿಸುವವನ ಕುತ್ತಿಗೆಗೆ ಬೀಸುವ ಕಲ್ಲನ್ನು ಕಟ್ಟಿ ಕಡಲಿಗೆಸೆಯುವುದೇ ಲೇಸೆಂಬ ಅರ್ಥದಲ್ಲಿ ಪ್ರಭು ಯೇಸು ನುಡಿದುದನ್ನು ನಾವು ಚಿತ್ರ ತಯಾರಕರ ಮೇಲೆ ಪ್ರಯೋಗಿಸುತ್ತೇವೆ. ಆ ಮಾತು ಮೊದಲು ನಮ್ಮ ನಗೆಗೆ ಅನ್ವಯಿಸುವುದಿಲ್ಲವೆ?

ಪ್ರಿಯ ಹೆತ್ತವರೇ, ಮಕ್ಕಳನ್ನು ಟಿ.ವಿ.ಯ ಮುಂದೆ ಒಂಟಿಯಾಗಿ ಬಿಡದೆ ಅವರೊಡನೆ ಕುಳಿತು ನೋಡೋಣ. ಇಂತಹ ದೃಶ್ಯ ಬಂದಾಗ ಗಾಬರಿಗೊಳ್ಳದಿರೋಣ. ಬಂಧುವಿನ ಚಟಾಕಿಯನ್ನು ಮಕ್ಕಳ ಎದುರಿಗೇ ನಯವಾಗಿ ತಡೆಯೋಣ. ಮಗು ಕೇಳಿದರೆ ಸತ್ಯವನ್ನು ಹೇಳೋಣ. ಕೇಳದಿದ್ದರೆ, ಯಾವಾಗ ಬೇಕಾದರೂ ಕೇಳಬಹುದೆಂಬ ಭರವಸೆಯನ್ನು ನಮ್ಮ ಮುಖದಲ್ಲಿ ಉಳಿಸಿಕೊಳ್ಳೋಣ.