ಶಿಲೆಯೂ ಶ್ರುತಿಯೂ ಒಂದೇ ಅಂಗಳದಲ್ಲಿ

ಭರ್ತೃಹರಿಯನ್ನು ನೆನೆಯದ ವಾರ್ಷಿಕೋತ್ಸವ ಭಾಷಣ ವಿರಳ. ಸಾಹಿತ್ಯ, ಸಂಗೀತ, ಕಲೆಗಳ ಗಂಧವಿಲ್ಲದವನನ್ನು ಆ ಕವಿ ಪಶುವಿಗೆ ಹೋಲಿಸಿದ್ದನ್ನು ನಾವೆಲ್ಲರೂ ತಲೆದೂಗಿ ಕೇಳುತ್ತೇವೆ. ಆದರೆ ದಿನವಿಡೀ ದುಡಿಯುವ ಮನುಷ್ಯನಿಗೆ ಆ ಗಂಧ ಎಲ್ಲಿ ದೊರೆಯಬೇಕು, ಅದನ್ನು ಒದಗಿಸುವ ಹೊಣೆ ಯಾರದು ಎಂಬ ಪ್ರಶ್ನೆಯನ್ನು ಮಾತ್ರ ಕೇಳುವುದಿಲ್ಲ. ಈ ಸ್ಮರಣ ಸಂಚಿಕೆಯ ನೆಪದಲ್ಲಿ ಆ ಪ್ರಶ್ನೆಯನ್ನು ಸಹೃದಯರ ಮುಂದಿಡಬೇಕೆಂಬುದು ನನ್ನ ಉದ್ದೇಶ.

ಇದಕ್ಕೆ ಕಾರಣವೂ ಉಂಟು. ನಮ್ಮ ಶಾಲೆಯ ಹಳೆಯ ವಿದ್ಯಾರ್ಥಿಯೂ ಪೀಣ್ಯದಲ್ಲಿ ಯಂತ್ರಭಾಗಗಳ ಕಾರ್ಖಾನೆಯ ಒಡೆಯರೂ ಆದ ಕಲಾಪೋಷಕರೊಬ್ಬರು ಆಡಳಿತ ಮಂಡಳಿಗೆ ಒಂದು ಟಿಪ್ಪಣಿಯನ್ನು ಸಲ್ಲಿಸಿದ್ದಾರೆ. ಬರುವ ವರ್ಷ ತಿಂಗಳಿಗೊಂದರಂತೆ ಶಾಲೆಯ ಅಂಗಳದಲ್ಲಿ ಸಂಗೀತ ಕಚೇರಿಗಳು ನಡೆಯಬೇಕು. ಮಹಾದ್ವಾರದ ಬಳಿ ಈ ಕಾಲದ ಶಿಲ್ಪಿಯೊಬ್ಬರಿಂದ ಉಕ್ಕಿನ ಶಿಲ್ಪವೊಂದನ್ನು ಮಾಡಿಸಿ ನಿಲ್ಲಿಸಬೇಕು. ಇದು ಅದರ ಸಾರಾಂಶ. ಇದಕ್ಕೆ ಎರಡು ಆಕ್ಷೇಪಗಳು ಕೇಳಿಬಂದಿವೆ. ಪಾಳಿ ಮುಗಿಸಿ ದಣಿದು ಬಂದವರು ರಾಗಾಲಾಪನೆಯನ್ನು ಕೇಳುವರೇ ಎಂಬುದು ಮೊದಲನೆಯದು. ಕಣ್ಣು ಮೂಗುಗಳಿಲ್ಲದ ಉಕ್ಕಿನ ತುಂಡಿಗೆ ಹಣ ಹಾಕುವ ಬದಲು ಮಹನೀಯರೊಬ್ಬರ ಪುತ್ಥಳಿಯನ್ನು ನಿಲ್ಲಿಸಬಾರದೇ ಎಂಬುದು ಎರಡನೆಯದು. ಆಕ್ಷೇಪಿಸಿದವರು ಶಾಲೆಯ ಹಿತೈಷಿಗಳೇ. ಆದರೂ ಟಿಪ್ಪಣಿಯ ಪಕ್ಷವೇ ಸರಿಯೆಂದು, ಕೆಲವು ನಿಬಂಧನೆಗಳೊಡನೆ, ನಾನು ಅಭಿಪ್ರಾಯಪಡುತ್ತೇನೆ.

ಬೆಂಗಳೂರಿನ ಸಂಗೀತ ಸಭೆಗಳ ಪರಂಪರೆ ದೊಡ್ಡದು. ಗಾಯನ ಸಮಾಜ 1905ರಲ್ಲಿ ಹುಟ್ಟಿತು. ಪಿಟೀಲಿನ ಆಕಾರದ ಚೌಡಯ್ಯ ಸ್ಮಾರಕ ಭವನ 1980ರಲ್ಲಿ ತೆರೆಯಿತು. ಇವೆಲ್ಲ ನಗರದ ಒಳಭಾಗದ ಸೌಭಾಗ್ಯಗಳು. ಪೀಣ್ಯ, ವೈಟ್‌ಫೀಲ್ಡ್, ಎಲೆಕ್ಟ್ರಾನಿಕ್ ಸಿಟಿಗಳು ಬೆಳೆದದ್ದು ದುಡಿಮೆಯ ನೆಲೆಗಳಾಗಿ. 1978ರಲ್ಲಿ ಕಿಯೋನಿಕ್ಸ್ ಸಂಸ್ಥೆ ಎಲೆಕ್ಟ್ರಾನಿಕ್ ಸಿಟಿಗಾಗಿ 332 ಎಕರೆ ನೆಲವನ್ನು ಸಜ್ಜುಗೊಳಿಸಿತು. ಪೀಣ್ಯದ ಶೆಡ್ಡುಗಳು ಎದ್ದದ್ದೂ ಹೆಚ್ಚುಕಡಿಮೆ ಆ ಕಾಲದಲ್ಲಿಯೇ. ರಸ್ತೆ, ವಿದ್ಯುತ್ತು, ನೀರುಗಳ ಲೆಕ್ಕ ಹಾಕಿದಷ್ಟು ಶ್ರದ್ಧೆಯಿಂದ, ಸಂಜೆಯ ಹೊತ್ತು ನಾಲ್ಕು ಜನ ಕುಳಿತು ಹಾಡು ಕೇಳುವ ಕಟ್ಟೆಯ ಲೆಕ್ಕವನ್ನು ಯಾರೂ ಹಾಕಲಿಲ್ಲ. ಸಾರ್ವಜನಿಕ ಉದ್ಯಮಗಳ ಕನ್ನಡ ಸಂಘಗಳು ನಾಟಕ, ಗಮಕ, ಗಾಯನಗಳಿಂದ ಆ ಕೊರತೆಯನ್ನು ಬಹುಕಾಲ ತುಂಬಿದವು. ಆದರೆ ಐದಾರು ಜನರಷ್ಟೇ ದುಡಿಯುವ ಸಣ್ಣ ಕಾರ್ಖಾನೆಗೆ ಸಂಘವೆಲ್ಲಿಯದು, ಸಭಾಂಗಣವೆಲ್ಲಿಯದು?

ತಿರುಮಕೂಡಲಿನ ಟಿ. ಚೌಡಯ್ಯನವರು ನಾಲ್ಕು ತಂತಿಗಳ ಪಿಟೀಲಿಗೆ ಇನ್ನೂ ಮೂರನ್ನು ಸೇರಿಸಿ ಏಳು ತಂತಿಗಳ ವಾದ್ಯವನ್ನಾಗಿಸಿದರು. ಧ್ವನಿವರ್ಧಕವಿಲ್ಲದ ಸಭೆಯಲ್ಲಿ ಕೊನೆಯ ಸಾಲಿನ ಶ್ರೋತೃವಿಗೂ ನಾದ ಮುಟ್ಟಬೇಕೆಂಬುದೇ ಅದರ ಹಿಂದಿನ ಕಾಳಜಿ. ಇಂದು ಧ್ವನಿವರ್ಧಕಕ್ಕೆ ಕೊರತೆಯಿಲ್ಲ. ಆದರೆ ಕೊನೆಯ ಸಾಲು ನಗರದ ಹೊರವಲಯಕ್ಕೆ ಸರಿದಿದೆ. ಮೆಟ್ರೊ ರೈಲು 2014ರಲ್ಲಿ ಪೀಣ್ಯಕ್ಕೂ, 2023ರಲ್ಲಿ ವೈಟ್‌ಫೀಲ್ಡಿಗೂ, 2025ರಲ್ಲಿ ಎಲೆಕ್ಟ್ರಾನಿಕ್ ಸಿಟಿಯ ದಾರಿಯಾಗಿ ಬೊಮ್ಮಸಂದ್ರಕ್ಕೂ ಬಂದುದು ನಿಜ. ಎಂಟು ಗಂಟೆ ಲೇತಿನ ಮುಂದೆ ನಿಂತವನು ಮತ್ತೆ ರೈಲು ಹತ್ತಿ ಮಲ್ಲೇಶ್ವರಕ್ಕೆ ಹೋಗಿ ಕಚೇರಿ ಕೇಳಲಿ ಎನ್ನುವುದು ಸುಲಭ. ನಾದವೇ ಅವನಿದ್ದಲ್ಲಿಗೆ ಬರುವುದು ನ್ಯಾಯ.

ಬಂದರೆ ಕೇಳುವವರು ಇರುವರೇ? ನಡೆದುಹೋದುದೇ ಇದಕ್ಕೆ ಉತ್ತರ ಹೇಳುತ್ತದೆ. 1939ರಲ್ಲಿ ಎಸ್. ವಿ. ನಾರಾಯಣಸ್ವಾಮಿರಾಯರು ಚಾಮರಾಜಪೇಟೆಯಲ್ಲಿ ಶ್ರೀರಾಮಸೇವಾ ಮಂಡಲಿಯನ್ನು ಆರಂಭಿಸಿದರು. ಅದರ ರಾಮನವಮಿ ಸಂಗೀತೋತ್ಸವ ನಾಡಿನಾಚೆಗೂ ಹೆಸರು ಗಳಿಸಿದ್ದು ಅಮೃತಶಿಲೆಯ ಸಭಾಭವನದಲ್ಲಿ ಅಲ್ಲ, ಕೋಟೆ ಪ್ರೌಢಶಾಲೆಯ ಬಯಲಿನಲ್ಲಿ ಹಾಕಿದ ಚಪ್ಪರದಡಿ. ಒಂದು ಶಾಲೆಯ ಮೈದಾನ ಏನಾಗಬಲ್ಲದೆಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷ್ಯ ಬೇಕಿಲ್ಲ. ನಮಗೆ ಸಮೀಪದ ಹೆಸರಘಟ್ಟದಲ್ಲಿ 1990ರಲ್ಲಿ ಪ್ರತಿಮಾ ಗೌರಿಯವರು ನೃತ್ಯಗ್ರಾಮವನ್ನು ಕಟ್ಟಿದರು. ಅಲ್ಲಿ ಹಲವು ವರ್ಷ ನಡೆದ ವಸಂತಹಬ್ಬಕ್ಕೆ ಸಹಸ್ರಾರು ಜನ ಬಂದು ಬೆಳಗಿನವರೆಗೆ ನೆಲದ ಮೇಲೆ ಕುಳಿತು ಕೇಳಿದರು, ನೋಡಿದರು. ಆ ಹಬ್ಬ ಈಗ ನಿಂತಿದೆ. ನಿಂತದ್ದು ಕೇಳುವವರಿಲ್ಲದೆ ಅಲ್ಲ. ವೈಟ್‌ಫೀಲ್ಡಿನಲ್ಲಿ 2011ರಲ್ಲಿ ಜಾಗೃತಿ ರಂಗಮಂದಿರ ತೆರೆದಾಗಲೂ ಹೊರವಲಯದಲ್ಲಿ ಪ್ರೇಕ್ಷಕರು ದೊರೆಯುವರೇ ಎಂದು ಕೇಳಬಹುದಾಗಿತ್ತು. ಇನ್ನು ಮಠದ ಆಶ್ರಯದಲ್ಲಿ ಸಂಗೀತಕ್ಕೆ ಸ್ಥಾನವೇನೆಂದು ಸಂದೇಹಿಸುವವರು ಗದಗಿನ ವೀರೇಶ್ವರ ಪುಣ್ಯಾಶ್ರಮವನ್ನು ನೆನೆಯಬೇಕು. ಹಾನಗಲ್ಲ ಕುಮಾರಸ್ವಾಮಿಗಳ ಆಶ್ರಯದಲ್ಲಿ ಬೆಳೆದ ಪಂಚಾಕ್ಷರಿ ಗವಾಯಿಗಳೂ ಅವರ ಶಿಷ್ಯರಾದ ಪುಟ್ಟರಾಜ ಗವಾಯಿಗಳೂ ಕಣ್ಣಿಲ್ಲದ ಮಕ್ಕಳ ಬಾಳಿಗೆ ನಾದದ ಬೆಳಕನ್ನು ಕೊಟ್ಟರು.

ಇನ್ನು ಶಿಲ್ಪದ ವಿಚಾರ. ಮುಖವಿಲ್ಲದ ಶಿಲ್ಪ ಅರ್ಥವಾಗದು ಎನ್ನುವ ಮಾತು ನಮ್ಮವರ ಬಾಯಲ್ಲಿ ಬರಬಾರದಿತ್ತು. ನಮ್ಮಲ್ಲಿ ಅನೇಕರು ಕರಸ್ಥಲದಲ್ಲಿಟ್ಟು ಪೂಜಿಸುವ ಇಷ್ಟಲಿಂಗಕ್ಕೆ ಕಣ್ಣು ಮೂಗುಗಳುಂಟೇ? ಆಕಾರವೊಂದು ಯಾರನ್ನೂ ಹೋಲದೆಯೇ ಮನಸ್ಸನ್ನು ನಿಲ್ಲಿಸಬಲ್ಲದು ಎಂಬ ಅನುಭವ ನಮಗೆ ಹೊಸದಲ್ಲ. ಹಾಗೆಂದು ಪ್ರತಿಯೊಂದು ಉಕ್ಕಿನ ತುಂಡೂ ಶಿಲ್ಪವೆನ್ನುತ್ತಿಲ್ಲ. ಮುಖವಿಲ್ಲವೆಂಬುದೊಂದೇ ಅದನ್ನು ತಳ್ಳಿಹಾಕಲು ಕಾರಣವಾಗಲಾರದೆಂದಷ್ಟೇ ನನ್ನ ವಾದ.

ಶಿಲ್ಪಕ್ಕೂ ಸಂಗೀತಕ್ಕೂ ಇರುವ ನಂಟನ್ನು ವಿಷ್ಣುಧರ್ಮೋತ್ತರ ಪುರಾಣ ಸೊಗಸಾಗಿ ನಿರೂಪಿಸುತ್ತದೆ. ಪ್ರತಿಮೆ ಮಾಡುವ ಬಗೆಯನ್ನು ತಿಳಿಸಬೇಕೆಂದು ವಜ್ರನೆಂಬ ಅರಸ ಮಾರ್ಕಂಡೇಯನನ್ನು ಬೇಡುತ್ತಾನೆ. ಚಿತ್ರವನ್ನರಿಯದವನಿಗೆ ಪ್ರತಿಮೆ ತಿಳಿಯದು, ನೃತ್ತವನ್ನರಿಯದವನಿಗೆ ಚಿತ್ರ ತಿಳಿಯದು, ವಾದ್ಯವನ್ನರಿಯದವನಿಗೆ ನೃತ್ತ ತಿಳಿಯದು, ಗೀತವಿಲ್ಲದೆ ವಾದ್ಯವೂ ತಿಳಿಯದು ಎಂದು ಮುನಿ ಒಂದೊಂದೇ ಮೆಟ್ಟಿಲನ್ನು ಇಳಿಸುತ್ತಾ ಹೋಗುತ್ತಾನೆ. ಕಲ್ಲಿನ ತಳದಲ್ಲಿ ಹಾಡಿದೆ ಎಂದಾಯಿತು. ಎಲೆಕ್ಟ್ರಾನಿಕ್ ಸಿಟಿಗೆ ಸಮೀಪದ ಬೇಗೂರಿನಲ್ಲಿ ಗಂಗರ ಕಾಲದ ನಾಗೇಶ್ವರ ದೇವಾಲಯವಿದೆ. ಬೆಂಗಳೂರೆಂಬ ಹೆಸರನ್ನು ಕಾಳಗವೊಂದರ ಸಂದರ್ಭದಲ್ಲಿ ಹೇಳುವ, ಸುಮಾರು ಕ್ರಿ. ಶ. 890ರ ಶಾಸನ ದೊರೆತದ್ದು ಅಲ್ಲಿಯೇ. ಅಲ್ಲಿನ ಮಹಾ ವೀರಗಲ್ಲು ಇಂದು ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿದೆ. ಆನೆ, ಕುದುರೆ, ಕಾಲಾಳುಗಳು ಕಿಕ್ಕಿರಿದ ಆ ಕಲ್ಲು ಸತ್ತ ವೀರನ ಮೂಗು ಹುಬ್ಬುಗಳ ನಕಲಲ್ಲ. ಅವನ ಕಾಲದ ಕೋಲಾಹಲವೇ ಅಲ್ಲಿ ಹೆಪ್ಪುಗಟ್ಟಿದೆ. ಇಂದಿನ ಕೈಗಾರಿಕಾ ವಲಯ ಒಂದು ಕಾಲದಲ್ಲಿ ಶಿಲ್ಪವಿಲ್ಲದ ಬರಡು ನೆಲವಾಗಿರಲಿಲ್ಲ.

ಉಕ್ಕಿನಲ್ಲಿ ಶಿಲ್ಪ ಸಾಧ್ಯವೇ ಎನ್ನುವವರಿಗೆ ಬೆಂಗಳೂರನ್ನೇ ನೆಲೆಯಾಗಿಸಿಕೊಂಡ ಬಾಲನ್ ನಂಬಿಯಾರರ ಕೃತಿಗಳು ಉತ್ತರ. ಕೇರಳದ ತೆಯ್ಯಮ್ ಮುಂತಾದ ಆಚರಣೆಗಳ ಆಕಾರಗಳನ್ನು ಅವರು ಸ್ಟೇನ್‌ಲೆಸ್ ಸ್ಟೀಲಿನಲ್ಲಿ ಅರಳಿಸಿದರು. ಚಂಡೀಗಢದಲ್ಲಿ ನೇಕ್‌ಚಂದ್ ಎಂಬ ರಸ್ತೆ ಮೇಲ್ವಿಚಾರಕರು ಒಡೆದ ಪಿಂಗಾಣಿ, ಬಳೆಚೂರು, ಕಾರ್ಖಾನೆಯ ಕಸಗಳಿಂದಲೇ ಒಂದು ಶಿಲ್ಪವನವನ್ನು ಕಟ್ಟಿದರು. 1976ರಲ್ಲಿ ಅದು ಸಾರ್ವಜನಿಕರಿಗೆ ತೆರೆಯಿತು. ಲೋಹದ ಚೂರುಗಳನ್ನು ದಿನವೂ ಗುಡಿಸಿ ಗುಜರಿಗೆ ಹಾಕುವ ಪೀಣ್ಯಕ್ಕೆ ಇದಕ್ಕಿಂತ ತಕ್ಕ ಮೇಲ್ಪಂಕ್ತಿ ಉಂಟೇ?

ಪುತ್ಥಳಿಗಳಿಗೆ ನಾನು ವಿರೋಧಿಯಲ್ಲ. ಚೌಡಯ್ಯನವರ ತಿರುಮಕೂಡಲು ನರಸೀಪುರದಲ್ಲಿಯೇ 1942ರಲ್ಲಿ ಹುಟ್ಟಿದ ಕನಕಾ ಮೂರ್ತಿಯವರು, ಹೆಣ್ಣಿಗೆ ಉಳಿ ಸುತ್ತಿಗೆ ಏಕೆ ಎನ್ನುತ್ತಿದ್ದ ಕಾಲದಲ್ಲಿ ದೇವಲಕುಂದ ವಾದಿರಾಜರಲ್ಲಿ ಶಿಷ್ಯವೃತ್ತಿ ಮಾಡಿ, ಸಂಗೀತ ವಿದ್ವಾಂಸರ ಭಾವಪೂರ್ಣ ಪ್ರತಿಮೆಗಳನ್ನು ರೂಪಿಸಿದರು. 2021ರಲ್ಲಿ ಅವರನ್ನು ನಾವು ಕಳೆದುಕೊಂಡೆವು. ಅಂಥ ಕೈಯಲ್ಲಿ ಮೂಡಿದ ಪ್ರತಿಮೆ ವ್ಯಕ್ತಿಯನ್ನು ಮೀರಿ ಕಲೆಯಾಗುತ್ತದೆ. ಆದರೆ ಅಚ್ಚಿನಿಂದ ತೆಗೆದು, ಬಂಗಾರದ ಬಣ್ಣ ಬಳಿದು, ಜಯಂತಿಯ ದಿನ ಮಾತ್ರ ಹಾರ ಕಾಣುವ ಪುತ್ಥಳಿಯಿಂದ ಮಹನೀಯರಿಗೂ ಗೌರವವಿಲ್ಲ, ಮಕ್ಕಳಿಗೂ ಪ್ರಯೋಜನವಿಲ್ಲ.

ಇಲ್ಲಿ ದಾನಿಗಳಲ್ಲಿ ಒಂದು ವಿಜ್ಞಾಪನೆ. ಸ್ಥಾವರಕ್ಕಿಂತ ಜಂಗಮ ಮಿಗಿಲೆಂಬ ಶರಣರ ನಿಲುವನ್ನು ನಾವು ವೇದಿಕೆಗಳಲ್ಲಿ ಕೊಂಡಾಡುತ್ತೇವೆ. ದಾನದ ಹೊತ್ತಿಗೆ ಮಾತ್ರ ನಮ್ಮ ಮನಸ್ಸು ಸ್ಥಾವರದ ಕಡೆಗೇ ವಾಲುತ್ತದೆ. ಕಟ್ಟಡಕ್ಕೆ, ಕಮಾನಿಗೆ, ಪುತ್ಥಳಿಗೆ ಕೊಟ್ಟರೆ ಹೆಸರಿನ ಫಲಕ ಉಳಿಯುತ್ತದೆ. ಕಚೇರಿಗೆ ಕೊಟ್ಟದ್ದು ಮಂಗಳ ಹಾಡಿದೊಡನೆ ಗಾಳಿಯಲ್ಲಿ ಕರಗುತ್ತದೆ. ಕೇಳಿದ ಬಾಲಕನ ಎದೆಯಲ್ಲಿ ಕುಳಿತದ್ದಕ್ಕೆ ಫಲಕ ಹಾಕಲಾಗದು. ಆದರೆ ಶಾಲೆಯ ನಿಜವಾದ ಸಂಪಾದನೆ ಅದೇ.

ಟಿಪ್ಪಣಿಯನ್ನು ಮೆಚ್ಚಿಯೂ ಕೆಲವು ತಿದ್ದುಪಡಿಗಳನ್ನು ಸೂಚಿಸುತ್ತೇನೆ. ಅದರಲ್ಲಿ ಹೆಸರಿಸಿರುವ ಕಲಾವಿದರೆಲ್ಲರೂ ಪ್ರಖ್ಯಾತರು. ಅರ್ಧದಷ್ಟು ಕಚೇರಿಗಳಾದರೂ ಈ ಭಾಗದ ಕಿರಿಯ ಗಾಯಕರಿಗೆ, ಸುತ್ತಲ ಗುಡಿಗಳಲ್ಲಿ ನಾಗಸ್ವರ ನುಡಿಸುವವರಿಗೆ ಸಲ್ಲಬೇಕು. ಪಕ್ಕವಾದ್ಯದವರ ಸಂಭಾವನೆಯನ್ನು ಮೊದಲೇ ಗೊತ್ತುಪಡಿಸಿ ಅಂದೇ ಕೊಡತಕ್ಕದ್ದು. ವಚನ, ದೇವರನಾಮ, ತತ್ತ್ವಪದಗಳಿಗೆ ಕಚೇರಿಯ ಕೊನೆಯ ಐದು ನಿಮಿಷವಲ್ಲ, ನಡುವಣ ಸ್ಥಾನ ದೊರೆಯಲಿ. ಹೊರರಾಜ್ಯಗಳಿಂದ ದುಡಿಯಲು ಬಂದು ನಮ್ಮ ನೆರೆಯವರಾದವರ ಹಾಡಿಗೂ ವರ್ಷದಲ್ಲಿ ಒಂದು ಸಂಜೆ ಮೀಸಲಾಗಲಿ. ಹಗಲು ಪಾಳಿಯವರು ಮನೆಗೆ ಹೋಗಿ ಕೈಕಾಲು ತೊಳೆದು ಬರುವಷ್ಟು ಹೊತ್ತು ಬಿಟ್ಟು ಆರಂಭಿಸಿ, ಎರಡು ಗಂಟೆಯಲ್ಲಿ ಮುಗಿಸಬೇಕು. ಆಹ್ವಾನ ಪತ್ರಿಕೆಯ ತಪಾಸಣೆ ಬೇಡ, ಸನ್ಮಾನಗಳ ಸರಣಿ ಬೇಡ. ರಾಗ, ತಾಳ, ರಚನಕಾರರ ಬಗ್ಗೆ ತಿಳಿಗನ್ನಡದಲ್ಲಿ ಎರಡು ಮಾತು ಸಾಕು.

ಶಿಲ್ಪವನ್ನು ಎಲ್ಲಿಯೋ ಮಾಡಿಸಿ ಲಾರಿಯಲ್ಲಿ ತಂದಿಳಿಸುವುದು ಸಲ್ಲದು. ಶಿಲ್ಪಿ ಮೊದಲು ಸಣ್ಣ ಮಾದರಿಯನ್ನು ಅಧ್ಯಾಪಕರಿಗೂ ವಿದ್ಯಾರ್ಥಿಗಳಿಗೂ ತೋರಿಸಲಿ, ಪ್ರಶ್ನೆಗಳಿಗೆ ಉತ್ತರಿಸಲಿ. ಬಳಿಕ ನೆರೆಯ ಕಾರ್ಖಾನೆಗಳ ಉಳಿಕೆ ಲೋಹದಿಂದ, ನೆರೆಯ ವೆಲ್ಡಿಂಗ್ ಕೆಲಸಗಾರರ ನೆರವಿನಿಂದ, ನಮ್ಮ ಅಂಗಳದಲ್ಲಿಯೇ ಕೆಲಸ ನಡೆಯಲಿ. ತನ್ನ ತಂದೆಯ ಕೈಯಲ್ಲಿರುವ ಕೌಶಲ ಕೂಲಿಯಷ್ಟೇ ಅಲ್ಲ, ಕಲೆಯೂ ಆಗಬಲ್ಲದೆಂದು ಬಾಲಕನೊಬ್ಬ ಕಣ್ಣಾರೆ ಕಂಡರೆ, ನಮ್ಮ ಎಷ್ಟೋ ಪಾಠಗಳು ಮಾಡಲಾರದ ಕೆಲಸವನ್ನು ಆ ಶಿಲ್ಪ ಮಾಡಿದಂತಾಯಿತು. ಫಲಕದಲ್ಲಿ ಶಿಲ್ಪಿಯ ಹಾಗೂ ಕೆಲಸಗಾರರ ಹೆಸರು ಮೊದಲು ಬರಲಿ, ದಾನಿಗಳದು ಅನಂತರ. ತುಕ್ಕು, ಧೂಳುಗಳಿಂದ ಅದನ್ನು ಕಾಯುವ ವೆಚ್ಚಕ್ಕೆ ಈಗಲೇ ನಿಧಿಯೊಂದನ್ನು ತೆಗೆದಿರಿಸುವುದು ವಿಹಿತ.

ಅನ್ನದ ಜೊತೆಗೆ ಅಕ್ಷರವನ್ನು ನೀಡುವುದು ಮಠದ ಶಾಲೆಗಳ ಪರಂಪರೆ. ಲೋಹದ ಸದ್ದಿನ ನಡುವೆ ಬೆಳೆಯುವ ಮಕ್ಕಳಿಗೆ ಸುನಾದವನ್ನೂ ಸುರೂಪವನ್ನೂ ನೀಡುವುದು ಆ ಪರಂಪರೆಯ ಮುಂದಿನ ಹೆಜ್ಜೆ. ಆಡಳಿತ ಮಂಡಳಿಯವರು ಟಿಪ್ಪಣಿಯನ್ನು ಮಂಜೂರು ಮಾಡಲಿ. ಹಳೆಯ ವಿದ್ಯಾರ್ಥಿಗಳು ಹಣದೊಡನೆ ತಮ್ಮ ಸಂಜೆಗಳನ್ನೂ ಕೊಡಲಿ. ಸಂಗೀತದ ಸಂಜೆ ಶಾಲೆಯ ಮಹಾದ್ವಾರ ಎಲ್ಲರಿಗೂ ತೆರೆದಿರಲಿ ಎಂದು ಹಾರೈಸುತ್ತೇನೆ.